ದಿಲ್ಲಿಯ ನ್ಯಾಯವೇತ್ತರ ಸಮ್ಮೇಳನ ಮತ್ತು ಗಡಿನಾಡ ಶಾಲೆ

ವಿದ್ವಾಂಸರ ಸಮ್ಮೇಳನಗಳು ಹಾರ, ಭಾಷಣ, ಉಪಾಹಾರಗಳಲ್ಲಿಯೇ ಮುಗಿಯುವುವೆಂದು ಹಗುರವಾಗಿ ನುಡಿಯುವ ವಾಡಿಕೆ ನಮ್ಮಲ್ಲಿ ಉಂಟು. 1959ನೆಯ ಇಸವಿ ಜನವರಿಯಲ್ಲಿ ಹೊಸದಿಲ್ಲಿಯಲ್ಲಿ ನೆರೆದ ಅಂತರರಾಷ್ಟ್ರೀಯ ನ್ಯಾಯವೇತ್ತರ ಸಮ್ಮೇಳನವನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. 53 ದೇಶಗಳ 185 ಮಂದಿ ನ್ಯಾಯಾಧೀಶರೂ ವಕೀಲರೂ ಕಾನೂನು ಅಧ್ಯಾಪಕರೂ ಅಲ್ಲಿ ಕೂಡಿದ್ದರು. (ಪಾಠ ಹೇಳುವವರಿಗೂ ಮಣೆ ಹಾಕಿದ್ದರೆಂಬುದು ನಮಗೆ ಸಂತೋಷ.) ಶಾಸಕಾಂಗ, ಕಾರ್ಯಾಂಗ, ಅಪರಾಧ ವಿಚಾರಣೆ, ನ್ಯಾಯಾಂಗ ಎಂದು ನಾಲ್ಕು ಸಮಿತಿಗಳಲ್ಲಿ ಚರ್ಚಿಸಿ, 10ನೆಯ ತಾರೀಖು ‘ದಿಲ್ಲಿ ಘೋಷಣೆ’ಯನ್ನು ಹೊರಡಿಸಿದರು.

1955ರ ಅಥೆನ್ಸ್ ಸಮ್ಮೇಳನವು ಪ್ರಭುತ್ವವೂ ಕಾನೂನಿಗೆ ಅಧೀನವೆಂದು ಸಾರಿತ್ತು. ದಿಲ್ಲಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಕಾನೂನಿನ ಆಳ್ವಿಕೆಯು ನಾಗರಿಕ, ರಾಜಕೀಯ ಹಕ್ಕುಗಳನ್ನು ಕಾಯ್ದರೆ ಸಾಲದು. ವ್ಯಕ್ತಿಯ ಘನತೆಗೆ ತಕ್ಕ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ, ಸಾಂಸ್ಕೃತಿಕ ಪರಿಸ್ಥಿತಿಯನ್ನೂ ಕಲ್ಪಿಸಬೇಕೆಂದರು. ‘ಶೈಕ್ಷಣಿಕ’ ಎಂಬ ಆ ಪದದ ಬಳಿ ಗಡಿನಾಡ ಉಪಾಧ್ಯಾಯರಾದ ನಾವು ತುಸು ನಿಲ್ಲಬೇಕು.

1956ರಲ್ಲಿ ರಾಜ್ಯಗಳ ಗೆರೆ ಬದಲಾದಾಗಲೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350-ಎ ವಿಧಿ ಸೇರಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕದ್ದು ಎಂಬುದು ಅದರ ಸಾರ. ಪ್ರಯತ್ನಕ್ಕೂ ಹಕ್ಕಿಗೂ ಇರುವ ಅಂತರವನ್ನು ಕಾಸರಗೋಡಿನವರಿಗಾಗಲಿ ಅಕ್ಕಲಕೋಟೆಯವರಿಗಾಗಲಿ ಬಿಡಿಸಿ ಹೇಳಬೇಕಿಲ್ಲ. ಪ್ರೌಢಶಾಲೆಯ ಮಾತಂತೂ ಆ ವಿಧಿಯಲ್ಲಿ ಇಲ್ಲವೇ ಇಲ್ಲ.

ದಿಲ್ಲಿ ಘೋಷಣೆಗೆ ಕಾನೂನಿನ ಬಲವಿಲ್ಲ, ನಿಜ. ಆದರೂ ತಾಯ್ನುಡಿಯ ಪಾಠವು ಸರಕಾರದ ಔದಾರ್ಯವಲ್ಲ, ನ್ಯಾಯದ ಅಂಗವೆಂದು ವಾದಿಸುವವರಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ನಮಗೆ ಕಂಡಿಲ್ಲ. ಒಂದು ವರ್ಷ ನಮ್ಮ ಶಾಲೆಗೆ ಕನ್ನಡದ ಗಣಿತಪುಸ್ತಕಗಳು ದಸರೆ ಕಳೆದ ಮೇಲೆ ಬಂದವು. ಅಲ್ಲಿಯವರೆಗೆ ಹುಡುಗರು ಹಿಂದಿನವರ ಹರಕು ಪ್ರತಿಗಳನ್ನೇ ಮೂವರಿಗೊಂದರಂತೆ ಹಂಚಿಕೊಂಡು ಓದಿದರು.