ಕಿಟಕಿ, ಬಿಸಿಲು ಮತ್ತು ಬೆಂಗಳೂರು

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಂಬ, ಕಮಾನು, ಗೋಪುರಗಳಿಗೆ ಸಲ್ಲಿಸುವ ಗಮನವನ್ನು ಕಿಟಕಿಗೆ ಸಲ್ಲಿಸುವುದು ವಿರಳ. ಆದರೆ ಒಂದು ಊರಿನ ಜನರು ತಮ್ಮ ಹವೆಯನ್ನು ಹೇಗೆ ಅರಿತಿದ್ದರೆಂಬುದಕ್ಕೆ ಕಿಟಕಿಗಿಂತ ನಂಬಲರ್ಹವಾದ ಸಾಕ್ಷಿ ದುರ್ಲಭ. ಪಶ್ಚಿಮ ಬೆಂಗಳೂರಿನ ಅತ್ತಿಗುಪ್ಪೆಯ ಬೀದಿಗಳಲ್ಲಿ ಈ ಸಾಕ್ಷಿ ಎರಡು ಬಗೆಯಾಗಿದೆ. ಹಳೆಯ ಮನೆಗಳಲ್ಲಿ ಸಜ್ಜಾದ ಕೆಳಗೆ ಕಬ್ಬಿಣದ ಸರಳು, ಮರದ ಬಾಗಿಲುಗಳುಳ್ಳ ಸಣ್ಣ ಕಿಟಕಿಗಳು. 2015ರಲ್ಲಿ ಮೆಟ್ರೊ ರೈಲು ಬಂದ ಹೆದ್ದಾರಿಯ ಬದಿಯಲ್ಲಿ ನೆರಳಿನ ಆಸರೆಯಿಲ್ಲದ ಅಗಲವಾದ ಗಾಜುಗಳು. ಈ ಬದಲಾವಣೆಯಲ್ಲಿ ನಾವು ಕಳೆದುಕೊಂಡುದೇನು ಎಂಬುದೇ ಪ್ರಸ್ತುತ ವಿಚಾರ.

ಮೊದಲು ಶಾಸ್ತ್ರದ ಮಾತು. ಕಿಟಕಿಯ ಮೂಲಕ ಉಷ್ಣವು ಮೂರು ಬಗೆಯಲ್ಲಿ ಸಾಗುತ್ತದೆ: ಗಾಜಿನ ಮೂಲಕ ವಹನದಿಂದ, ಗಾಳಿಯ ಚಲನೆಯಿಂದ, ಬಿಸಿಲಿನ ವಿಕಿರಣದಿಂದ. ವಹನದ ಗಣಿತವನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಅದಕ್ಕೂ ಮೊದಲು, 1767ರಲ್ಲಿ, ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು ಗಾಜು ಹೊದಿಸಿದ ಪೆಟ್ಟಿಗೆಯನ್ನು ಬಿಸಿಲಿನಲ್ಲಿಟ್ಟು ಒಳಗಿನ ಉಷ್ಣತೆಯನ್ನು ಅಳೆದಿದ್ದನು. ಇಂಥ ಪೆಟ್ಟಿಗೆ ಅಷ್ಟು ಕಾಯುವುದಕ್ಕೆ ಒಳಗಿನ ಬಿಸಿಗಾಳಿ ಹೊರಹೋಗದಿರುವುದೇ ಮುಖ್ಯ ಕಾರಣವೆಂದು 1909ರಲ್ಲಿ ಅಮೆರಿಕದ ವುಡ್ ವಾದಿಸಿದನು.

ಈ ಮೂರರಲ್ಲಿ ನಮ್ಮ ಊರಿಗೆ ಮುಖ್ಯವಾದುದು ಯಾವುದು? ಒಂದು ಚದರ ಮೀಟರಿನ ಒಂಟಿ ಗಾಜಿನ ಮೂಲಕ, ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಸುಮಾರು 5.7 ವ್ಯಾಟ್ ಉಷ್ಣವು ಸಾಗುತ್ತದೆ. ಹೊರಗೆ 34 ಡಿಗ್ರಿ, ಒಳಗೆ 28 ಡಿಗ್ರಿ ಇದ್ದಾಗ ಅದು 34 ವ್ಯಾಟ್ ಮಾತ್ರ. ಅದೇ ಗಾಜಿನ ಮೇಲೆ ಸಂಜೆಯ ಬಿಸಿಲು 500 ವ್ಯಾಟಿನಷ್ಟು ಬಿದ್ದರೆ ಅದರಲ್ಲಿ ಸುಮಾರು 400 ವ್ಯಾಟ್ ಕೋಣೆಯನ್ನು ಸೇರುತ್ತದೆ. ಜೋಡಿ ಗಾಜು ಹಾಕಿದರೆ ವಹನವು ಅರ್ಧಕ್ಕಿಳಿಯುತ್ತದೆ. ಬಿಸಿಲಿನ ಬಹುಭಾಗವಾದರೋ ಒಳಬರುತ್ತಲೇ ಇರುತ್ತದೆ. ಚಳಿನಾಡುಗಳ ಪ್ರಶ್ನೆ ಒಳಗಿನ ಬಿಸಿಯನ್ನು ಉಳಿಸಿಕೊಳ್ಳುವುದು. ಬೆಂಗಳೂರಿನ ಪ್ರಶ್ನೆ ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು.

ನಮ್ಮ ಹಿಂದಿನವರು ಈ ಲೆಕ್ಕವನ್ನು ಬರೆದಿಡಲಿಲ್ಲ, ಆಚರಣೆಯಲ್ಲಿ ತೋರಿದರು. ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚಾಚಿದ, ಮರದ ಪಟ್ಟಿಗಳ ‘ಮಂಕಿ ಟಾಪ್’ ಎಂಬ ಮಾಡು ಅಲಂಕಾರವೆಂದೇ ಪ್ರಸಿದ್ಧ. ಆದರೆ ಅದು ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಸಾಧನವೂ ಹೌದು. 1889ರಲ್ಲಿ ಶಂಕುಸ್ಥಾಪನೆಯಾದ ಲಾಲ್‌ಬಾಗಿನ ಗಾಜಿನ ಮನೆಯು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಮಾದರಿಯದಾದರೂ, ಅದರ ಬದಿಗಳು ಬಹುಮಟ್ಟಿಗೆ ತೆರೆದಿವೆ. ಆದ್ದರಿಂದ ಅದು ಸೊಸ್ಯೂರನ ಪೆಟ್ಟಿಗೆಯಾಗಲಿಲ್ಲ.

1939ರಲ್ಲಿ ಜರ್ಮನಿಯ ಆಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದಾಗ ಈ ಅರಿವು ಶಾಸ್ತ್ರದ ಆಶ್ರಯವನ್ನು ಪಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಹಲವು ಕಟ್ಟಡಗಳನ್ನು ರೂಪಿಸಿದ ಅವರು ಬಿಸಿಲಿನ ದಿಕ್ಕನ್ನೂ ಗಾಳಿಯ ಹರಿವನ್ನೂ ವಿನ್ಯಾಸದ ಆಧಾರವಾಗಿಸಿದರು. ಉಷ್ಣವಲಯದ ವಸತಿಯನ್ನು ಕುರಿತು ಅವರು ಸಹಲೇಖಕರೊಡನೆ ರಚಿಸಿದ ಕೈಪಿಡಿ 1974ರಲ್ಲಿ ಪ್ರಕಟವಾಯಿತು.

ಹಾಗಾದರೆ ಸಜ್ಜಾ ಒಂದರಿಂದಲೇ ಸಾಕೇ? ಇಲ್ಲ. ದಕ್ಷಿಣದ ಕಿಟಕಿಗೆ, ಸೂರ್ಯನು ಎತ್ತರದಲ್ಲಿರುವ ನಡುಹಗಲಿನಲ್ಲಿ, ಸಜ್ಜಾ ಸಾಕಾಗುತ್ತದೆ. ಪಶ್ಚಿಮದ ಕಿಟಕಿಗೆ ಸಂಜೆಯ ಓರೆ ಬಿಸಿಲು ಅದರಡಿಯಿಂದಲೇ ನುಗ್ಗುತ್ತದೆ. ಅಲ್ಲಿ ನಿಲುವಾದ ಪಟ್ಟಿಗಳೋ, ಹೊರಗಣ ಚಿಕ್ಕುಗಳೋ, ಒಂದು ಮರವೋ ಬೇಕು.

2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಮುಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರವು ಹೊರತಂದ ‘ಇಕೊ ನಿವಾಸ್ ಸಂಹಿತೆ’ಯು, ಬೆಂಗಳೂರಿನಂಥ ಸಮಶೀತೋಷ್ಣ ಹವೆಯ ಊರುಗಳ ವಸತಿಕಟ್ಟಡಗಳಲ್ಲಿ ಗೋಡೆ ಕಿಟಕಿಗಳ ಮೂಲಕ ಬರುವ ಉಷ್ಣವು ಚದರ ಮೀಟರಿಗೆ 15 ವ್ಯಾಟನ್ನು ಮೀರಬಾರದೆಂದು ವಿಧಿಸಿದೆ. ಆ ಲೆಕ್ಕದಲ್ಲಿ ಕಿಟಕಿಯ ದಿಕ್ಕೂ ಸಜ್ಜಾದ ಚಾಚೂ ಸೇರಿವೆ. ಬಡಗಿಯೂ ಗಾರೆಯವನೂ ಕೈಯಳತೆಯಲ್ಲಿ ಬಲ್ಲದ್ದನ್ನು ಈಗ ಸಂಹಿತೆಯು ಅಂಕಿಗಳಲ್ಲಿ ಹೇಳುತ್ತಿದೆ. ಗಾಜನ್ನು ಆರಿಸುವವನು ಮನೆಯೊಡೆಯ. ಪಶ್ಚಿಮದ ಕೋಣೆಯಲ್ಲಿ ಬೇಯುವವನು ಅನೇಕ ವೇಳೆ ಬಾಡಿಗೆದಾರ. ಆದಕಾರಣ ಕಿಟಕಿಯ ಚರಿತ್ರೆ ಕೇವಲ ಅಭಿರುಚಿಯ ಚರಿತ್ರೆಯಲ್ಲ; ಅದು ನೆರಳು ಯಾರಿಗೆ ದೊರೆಯಿತು, ಯಾರಿಗೆ ತಪ್ಪಿತು ಎಂಬುದರ ಚರಿತ್ರೆಯೂ ಆಗಿದೆ.