ಎಸಿ ಖರೀದಿ: 5 ಸ್ಟಾರ್‌ಗೆ ಹೆಚ್ಚು ಹಣ ಕೊಡಬೇಕೇ? ಲೇಬಲ್‌ನಲ್ಲಿ ನೋಡಬೇಕಾದ ಅಂಶಗಳಿವು

ಬಿಸಿಲು ಏರುತ್ತಿದ್ದಂತೆ ಎಸಿ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: 3 ಸ್ಟಾರ್ ಸಾಕೇ, 5 ಸ್ಟಾರ್ ಬೇಕೇ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ನಿಮ್ಮ ಊರಿನ ಹವೆ, ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ಸ್ಟಾರ್‌ಗಿಂತ ಮುಖ್ಯ ಐಎಸ್‌ಇಇಆರ್

ಎಸಿ ಮೇಲಿನ ಸ್ಟಾರ್ ಲೇಬಲ್‌ಗೆ ಮಾನದಂಡ ನಿಗದಿ ಮಾಡುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ. ಲೇಬಲ್‌ನಲ್ಲಿ ಐಎಸ್‌ಇಇಆರ್ ಎಂಬ ಅಂಕಿ ಇರುತ್ತದೆ. ಇಡೀ ಋತುವಿನಲ್ಲಿ ಎಸಿ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ತಂಪು ಕೊಡುತ್ತದೆ ಎಂಬುದನ್ನು ಇದು ಹೇಳುತ್ತದೆ. ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿವರೆಗೆ ಇರುವ 1,600 ಗಂಟೆಗಳನ್ನು ಆಧಾರವಾಗಿಟ್ಟು ಇದನ್ನು ಲೆಕ್ಕ ಹಾಕಲಾಗುತ್ತದೆ. ಅಂಕಿ ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚು.

ಸ್ಟಾರ್ ಮಾತ್ರ ನೋಡಿದರೆ ಮೋಸ ಹೋಗುವ ಸಾಧ್ಯತೆ ಇದೆ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಸ್ಪ್ಲಿಟ್ ಎಸಿಯಲ್ಲಿ ಐಎಸ್‌ಇಇಆರ್ 4.6 ಇದ್ದ ಮಾದರಿಗೆ 2022ರ ಜುಲೈಗೂ ಮುನ್ನ 5 ಸ್ಟಾರ್ ಸಿಗುತ್ತಿತ್ತು. ಬಳಿಕ ಅದೇ ಮಾದರಿ 4 ಸ್ಟಾರ್‌ಗೆ ಇಳಿಯಿತು. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಳ್ಳುವಾಗ ಲೇಬಲ್ ಯಾವ ಅವಧಿಯದ್ದು ಎಂದು ನೋಡಿ. ವಿಂಡೋ ಎಸಿಗಳಿಗೆ ಪ್ರತ್ಯೇಕ, ಸಡಿಲ ಮಾನದಂಡವಿದೆ. ಹೀಗಾಗಿ 5 ಸ್ಟಾರ್ ವಿಂಡೋ ಎಸಿಗಿಂತ 3 ಸ್ಟಾರ್ ಸ್ಪ್ಲಿಟ್ ಎಸಿಯೇ ಕಡಿಮೆ ವಿದ್ಯುತ್ ಬಳಸಬಹುದು.

ಹೆಚ್ಚುವರಿ ಹಣ ವಾಪಸ್ ಬರುವುದು ಯಾವಾಗ?

ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಬಳಕೆ ಎಂಬುದೂ ಇರುತ್ತದೆ. ಉದಾಹರಣೆಗೆ, 1.5 ಟನ್‌ನ ಒಂದು ಎಸಿಯಲ್ಲಿ 1,000 ಯೂನಿಟ್, ಇನ್ನೊಂದರಲ್ಲಿ 750 ಯೂನಿಟ್ ಎಂದಿದೆ ಎಂದುಕೊಳ್ಳಿ. ವ್ಯತ್ಯಾಸ 250 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ ವರ್ಷಕ್ಕೆ 2,000 ರೂ. ಉಳಿತಾಯ. ಎರಡನೆಯದರ ಬೆಲೆ 8,000 ರೂ. ಹೆಚ್ಚಿದ್ದರೆ ನಾಲ್ಕು ವರ್ಷಕ್ಕೆ ಹಣ ವಾಪಸ್.

ಆದರೆ ಈ ಲೆಕ್ಕ ವರ್ಷಕ್ಕೆ 1,600 ಗಂಟೆಗೆ, ಅಂದರೆ ದಿನಕ್ಕೆ 8 ಗಂಟೆಯಂತೆ 200 ದಿನಕ್ಕೆ. ಚೆನ್ನೈ, ಮುಂಬೈಗಳಲ್ಲಿ ವರ್ಷದ ಬಹುಭಾಗ ರಾತ್ರಿಯಿಡೀ ಎಸಿ ಹಾಕುವವರಿಗೆ ಇದು ಹೊಂದುತ್ತದೆ. ಪುಣೆಯಲ್ಲಿ ಬೇಸಿಗೆಯ ಎರಡು ತಿಂಗಳು ಮಾತ್ರ, ಅದೂ ಕೆಲವೇ ಗಂಟೆ ಬಳಸುವವರಿಗೆ ಹೊಂದದು. ಬಳಕೆ ಅರ್ಧಕ್ಕಿಳಿದರೆ ಅದೇ ಹಣ ಮರಳಲು ಎಂಟು ವರ್ಷ ಬೇಕು. ಅಂಥವರಿಗೆ 3 ಸ್ಟಾರ್ ಇನ್ವರ್ಟರ್ ಎಸಿಯೇ ಲಾಭ.

ಇನ್ನೊಂದು ಸಂಗತಿ: ಬಳಕೆ ಹೆಚ್ಚಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿಯಲ್ಲಿ ಎಸಿಯ ಯೂನಿಟ್‌ಗಳು ಮೇಲಿನ ಸ್ಲ್ಯಾಬ್‌ಗೇ ಸೇರುತ್ತವೆ. ಆದ್ದರಿಂದ ಉಳಿತಾಯದ ಲೆಕ್ಕವನ್ನು ಸರಾಸರಿ ದರದಲ್ಲಿ ಹಾಕದೆ, ನಿಮ್ಮ ಬೇಸಿಗೆ ಬಿಲ್‌ನ ಕೊನೆಯ ಸ್ಲ್ಯಾಬ್ ದರದಲ್ಲಿ ಹಾಕಿ.

ಎಷ್ಟು ಟನ್ ಬೇಕು?

ಇಲ್ಲಿ ಟನ್ ಎಂದರೆ ತೂಕವಲ್ಲ, ತಂಪು ಮಾಡುವ ಸಾಮರ್ಥ್ಯ. 1 ಟನ್ ಎಂದರೆ ಸುಮಾರು 3,500 ವ್ಯಾಟ್. ಸ್ಥೂಲವಾಗಿ 120 ಚದರ ಅಡಿವರೆಗಿನ ಕೋಣೆಗೆ 1 ಟನ್, 180 ಚದರ ಅಡಿವರೆಗೆ 1.5 ಟನ್ ಸಾಕು. ಮೇಲಿನ ಮಹಡಿಯ ಮನೆ, ಪಶ್ಚಿಮದ ಬಿಸಿಲು ಬೀಳುವ ಗೋಡೆ ಇದ್ದರೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಒಂದೇ 1.5 ಟನ್ ಹೆಸರಿನಲ್ಲಿ ಬರುವ ಎಸಿಗಳ ನಿಜವಾದ ಸಾಮರ್ಥ್ಯ ಬೇರೆ ಬೇರೆ. ಲೇಬಲ್‌ನಲ್ಲಿರುವ ವ್ಯಾಟ್ ಹೋಲಿಸಿ.

"ಇರಲಿ" ಎಂದು ದೊಡ್ಡದನ್ನೇ ಹಾಕಿಸುವುದೂ ಒಳ್ಳೆಯದಲ್ಲ. ಕೋಣೆ ಬೇಗ ತಂಪಾಗಿ ಕಂಪ್ರೆಸರ್ ನಿಂತರೆ ಗಾಳಿಯ ತೇವಾಂಶ ಹೋಗುವುದಿಲ್ಲ. ಕರಾವಳಿ ನಗರಗಳಲ್ಲಿ ಇದರಿಂದ ತಂಪಿದ್ದರೂ ಅಂಟಂಟು ಅನುಭವವಾಗುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ಪದೇಪದೇ ನಿಂತು ಶುರುವಾಗುವ ಬದಲು ವೇಗ ತಗ್ಗಿಸಿಕೊಂಡು ಓಡುವುದರಿಂದ ಈ ತೊಂದರೆ ಕಡಿಮೆ.

ಊರಿಗೆ ತಕ್ಕ ಆಯ್ಕೆ

* ಮುಂಬೈ, ಚೆನ್ನೈ: ಉಪ್ಪುಗಾಳಿಗೆ ಕಾಯಿಲ್ ತುಕ್ಕು ಹಿಡಿಯುತ್ತದೆ. ತಾಮ್ರದ ಕಾಯಿಲ್ ಮತ್ತು ತುಕ್ಕು ನಿರೋಧಕ ಲೇಪನ ಇರುವುದನ್ನು ಆರಿಸಿ.
* ದೆಹಲಿ: ಹೊರಗೆ 45 ಡಿಗ್ರಿ ದಾಟಿದಾಗ ಎಸಿಯ ಸಾಮರ್ಥ್ಯ ಕುಸಿಯುತ್ತದೆ. ಗರಿಷ್ಠ ಎಷ್ಟು ಡಿಗ್ರಿವರೆಗೆ ಕೆಲಸ ಮಾಡುತ್ತದೆ ಎಂದು ಕೇಳಿ.
* ಹೈದರಾಬಾದ್, ಪುಣೆ: ಒಣಹವೆಯ ತಿಂಗಳುಗಳಲ್ಲಿ ಏರ್ ಕೂಲರ್ ಕೂಡ ಕೆಲಸ ಮಾಡುತ್ತದೆ. ವಿದ್ಯುತ್ ಖರ್ಚು ಎಸಿಗಿಂತ ತೀರಾ ಕಡಿಮೆ.
* ಬಾಡಿಗೆ ಮನೆ: ಸ್ಪ್ಲಿಟ್ ಎಸಿ ಬಿಚ್ಚಿ ಮತ್ತೆ ಅಳವಡಿಸಲು ಪ್ರತಿ ಬಾರಿಯೂ ಖರ್ಚಿದೆ, ಗ್ಯಾಸ್ ಸೋರುವ ಅಪಾಯವೂ ಇದೆ. ವರ್ಷಕ್ಕೊಮ್ಮೆ ಮನೆ ಬದಲಿಸುವವರು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಗ್ಯಾಸ್ ಯಾವುದು?

ಆರ್-22 ಓಜೋನ್ ಪದರಕ್ಕೆ ಹಾನಿಕರ. ಆರ್-410ಎ ಓಜೋನ್‌ಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು. ಆರ್-32ರಲ್ಲಿ ಅದು ಸುಮಾರು 675 ಪಟ್ಟು. ಆರ್-290ರಲ್ಲಿ ತೀರಾ ಕಡಿಮೆ, ಆದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ಅನಿಲ. ಹೀಗಾಗಿ ತರಬೇತಿ ಪಡೆದ ತಂತ್ರಜ್ಞರಿಂದಲೇ ಅಳವಡಿಸಿ.

ಕೊಂಡ ಮೇಲೆ

ಹೊರಗಿನ ಯೂನಿಟ್‌ಗೆ ಗಾಳಿ ಆಡುವ ಜಾಗ ಬೇಕು. ಅಪಾರ್ಟ್‌ಮೆಂಟ್‌ನ ಇಕ್ಕಟ್ಟಾದ ಡಕ್ಟ್‌ನಲ್ಲಿಟ್ಟರೆ ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡು 5 ಸ್ಟಾರ್ ಎಸಿಯೂ ಹೆಚ್ಚು ವಿದ್ಯುತ್ ತಿನ್ನುತ್ತದೆ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. 2020ರಿಂದ ಸ್ಟಾರ್ ಲೇಬಲ್‌ನ ಎಸಿಗಳು ಆನ್ ಆದಾಗ 24 ಡಿಗ್ರಿಯಲ್ಲೇ ಶುರುವಾಗುತ್ತವೆ. ಅದನ್ನು 18ಕ್ಕೆ ಇಳಿಸಿದ ಮಾತ್ರಕ್ಕೆ ಕೋಣೆ ಬೇಗ ತಂಪಾಗದು. ಉಷ್ಣಾಂಶ 1 ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿಇಇ ಅಂದಾಜು. 26 ಡಿಗ್ರಿಯಲ್ಲಿಟ್ಟು ಫ್ಯಾನ್ ಹಾಕಿಕೊಂಡರೆ ಹೆಚ್ಚಿನವರಿಗೆ ಹಿತವಾಗಿರುತ್ತದೆ.

ಅಂಗಡಿಗೆ ಹೋಗುವ ಮುನ್ನ ಮೂರು ಅಂಕಿ ಬರೆದುಕೊಳ್ಳಿ: ಕೋಣೆಯ ಚದರ ಅಡಿ, ವರ್ಷಕ್ಕೆ ಅಂದಾಜು ಬಳಕೆಯ ಗಂಟೆ, ಕರೆಂಟ್ ಬಿಲ್‌ನ ಕೊನೆಯ ಸ್ಲ್ಯಾಬ್ ದರ. ಇವು ಕೈಯಲ್ಲಿದ್ದರೆ ಯಾವ ಸ್ಟಾರ್ ನಿಮಗೆ ಲಾಭ ಎಂಬುದನ್ನು ಅಲ್ಲೇ ನಿಂತು ಲೆಕ್ಕ ಹಾಕಬಹುದು.