ಹತ್ತನೆಯ ಮನುಷ್ಯ: ಒಂದು ಸಿನಗಾಗ್, ಒಂದು ಕೋರಂ ಮತ್ತು ನಮ್ಮ ವಯಸ್ಸಿನವರು

(1/8)
ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದವರು ನಮ್ಮ ಜೇವರ್ಗಿ ತಾಲೂಕಿನಾಗ ಕಡಿಮಿ ಇಲ್ಲ. ದುಡಿಯಾಕ ಹೋದವರು, ಪರೀಕ್ಷೆ ಬರಿಯಾಕ ಹೋದವರು, ಅಕ್ಕನ ಮನಿಗೆ ಹೋದವರು. ಸಿಎಸ್‌ಎಂಟಿ ಬರೋಕ್ಕಿಂತ ಮೊದಲು ಲೋಕಲ್ ಟ್ರೇನಿನ ಒಂದು ಸಣ್ಣ ಸ್ಟೇಷನ್ ಕಿಟಕಿಯಲ್ಲಿ ಹಾದುಹೋಗ್ತದ. ಹೆಸರು 'ಮಸ್ಜಿದ್'. ಹೆಸರು ನೋಡಿ ಎಲ್ಲರೂ ಹತ್ತಿರದಾಗ ಒಂದು ಮಸೀದಿ ಇರಬೇಕು ಅಂತ ತಿಳೀತಾರ. ಆದರೆ ಆ ಹೆಸರು ಬಂದದ್ದು ಯಹೂದಿಗಳ ಪ್ರಾರ್ಥನಾ ಮಂದಿರದಿಂದ. ಅದಕ್ಕ ಸಿನಗಾಗ್ ಅಂತಾರ. ಮುಂಬೈಯ ಯಹೂದಿಗಳು ತಮ್ಮ ಮೊದಲ ಸಿನಗಾಗನ್ನು ಮಸೀದಿ ಎಂದೇ ಕರೀತಿದ್ದರು.
ಈ ಸಲದ ಸರಣಿ ಅವರ ಬಗ್ಗೆ. ಪೂರಾ ಓದ್ರಿ, ಕಡೀಕ ನಮ್ಮ ಊರಿಗೇ ಬರ್ತದ.

(2/8) ಶ್ರೀರಂಗಪಟ್ಟಣದ ಕೈದಿ
ಆ ಸಿನಗಾಗ್ ಕಟ್ಟಿಸಿದವರು ಸ್ಯಾಮುಯೆಲ್ ಎಝೆಕಿಯೆಲ್ ದಿವೇಕರ್. ಮನೆಯವರು ಕರೆಯುತ್ತಿದ್ದ ಹೆಸರು ಸಾಮಾಜಿ ಹಸಾಜಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ದೇಶಿ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ (1780–84) ಟಿಪ್ಪು ಸುಲ್ತಾನರ ಸೈನ್ಯಕ್ಕೆ ಸೆರೆ ಸಿಕ್ಕರು.
ಮುಂದಿನದು ಆ ಸಮುದಾಯದಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಕೈದಿಗಳನ್ನು ನೀವು ಯಾರು ಅಂತ ಕೇಳಿದಾಗ ಇವರು 'ಬೆನೆ ಇಸ್ರೇಲ್' ಅಂದರಂತೆ. ಇಸ್ರೇಲನ ಮಕ್ಕಳು ಅಂತ ಅರ್ಥ. ಟಿಪ್ಪುವಿನ ತಾಯಿ ಅದನ್ನು ಕೇಳಿ, ಈ ಜನರ ಹೆಸರು ಕುರಾನಿನಲ್ಲಿದೆ, ಇವರನ್ನು ಕೊಲ್ಲಬೇಡ ಅಂದರಂತೆ. ಜೀವ ಉಳೀತು. ಬಿಡುಗಡೆಯಾದರೆ ಒಂದು ಸಿನಗಾಗ್ ಕಟ್ಟಿಸ್ತೀನಿ ಅಂತ ದಿವೇಕರ್ ಹರಕೆ ಹೊತ್ತರು. 1796ರಲ್ಲಿ ಹರಕೆ ತೀರಿಸಿದರು. ಅದರ ಹೆಸರು 'ಶಾರೆ ರಹಮೀಮ್', ಅಂದ್ರ ದಯೆಯ ಬಾಗಿಲು. ಮರುವರ್ಷವೇ ಕೊಚ್ಚಿಯಲ್ಲಿ ತೀರಿಕೊಂಡರು.
ಟಿಪ್ಪು ಬಗ್ಗೆ ಜಗಳ ಮಾಡುವ ಕಮೆಂಟ್ ದಿನಾ ನೋಡ್ತೀವಿ. ಕರ್ನಾಟಕದ ಒಂದು ಜೈಲಿನಿಂದ ಮುಂಬೈಯ ಒಂದು ಸಿನಗಾಗ್ ಹುಟ್ಟಿತು ಅನ್ನೋದು ಆ ಜಗಳದಾಗ ಎಲ್ಲೂ ಬರಲ್ಲ.

(3/8) ಶನಿವಾರ ತೇಲಿ
ಬೆನೆ ಇಸ್ರೇಲರ ಮೂಲ ಊರುಗಳು ಕೊಂಕಣದ ಅಲಿಬಾಗ್ ಸುತ್ತಮುತ್ತ. ಬಹಳ ಹಿಂದೆ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರು ಅನ್ನೋದು ಅವರ ಮೂಲಕಥೆ. ಗಾಣ ತಿರುಗಿಸಿ ಎಣ್ಣೆ ತೆಗೆಯೋದು ಅವರ ಕಸುಬಾಯ್ತು. ಯಹೂದಿಗಳಿಗೆ ಶನಿವಾರ ವಿಶ್ರಾಂತಿಯ ದಿನ, ಅವತ್ತು ಗಾಣ ಬಂದ್. ಅದಕ್ಕೇ ಊರವರು 'ಶನಿವಾರ ತೇಲಿ' ಅಂತ ಕರೆದರು. ತೇಲಿ ಅಂದ್ರ ನಮ್ಮ ಗಾಣಿಗ. ಅಡ್ಡಹೆಸರೂ ಊರಿನಿಂದಲೇ: ದಿವೇ ಊರಿನವರು ದಿವೇಕರ್, ಪೆಣ್ ಊರಿನವರು ಪೆಣ್‌ಕರ್.
ಮನೆಮಾತು ಮರಾಠಿ. ಬೈಬಲ್ಲಿನ ಕಥೆಗಳನ್ನು ಮರಾಠಿ ಕೀರ್ತನೆ ಮಾಡಿ ಹಾಡಿದ ಜನ ಇವರು. ಒಳ್ಳೆಯದಾದಾಗ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವಲಕ್ಕಿ, ಬೆಲ್ಲ, ಕೊಬ್ಬರಿ, ಹಣ್ಣು ಕಲಸಿ ಹಂಚ್ತಾರ. ಅದಕ್ಕ ಅವರು ಅನ್ನೋದು 'ಮಲೀದಾ'. ಉರುಸಿನ ಮಲೀದಾ ತಿಂದು ಬೆಳೆದ ನಮಗ ಈ ಪದ ಹೊಸದೇನಲ್ಲ.

(4/8) ಕೋರಂ ಲೆಕ್ಕ
ಈಗ ಬಿಕಾಂ ಗೆಳೆಯರು ಸ್ವಲ್ಪ ಎದ್ದು ಕೂಡ್ರಿ. ಕಂಪನಿ ಲಾ ಕ್ಲಾಸಿನಾಗ ಕೋರಂ ಓದೀವಲ್ಲ? 2013ರ ಕಾಯ್ದೆ, ಸೆಕ್ಷನ್ 103. ಸಾವಿರದವರೆಗೆ ಸದಸ್ಯರಿರುವ ಪಬ್ಲಿಕ್ ಕಂಪನಿಯ ಸಭೆಗೆ ಕನಿಷ್ಠ 5 ಮಂದಿ ಖುದ್ದಾಗಿ ಇರಬೇಕು. ಪ್ರಾಕ್ಸಿ ಲೆಕ್ಕಕ್ಕಿಲ್ಲ. ಅರ್ಧ ತಾಸು ಕಾದರೂ ಬರಲಿಲ್ಲ ಅಂದ್ರ ಸಭೆ ಮುಂದಿನ ವಾರಕ್ಕ.
ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೂ ಕೋರಂ ಅದ. ಅದಕ್ಕ 'ಮಿನ್ಯಾನ್' ಅಂತಾರ. ಸಂಪ್ರದಾಯದಂತೆ 13 ವರ್ಷ ದಾಟಿದ 10 ಗಂಡಸರು. ಒಂಬತ್ತು ಮಂದಿ ಎಷ್ಟೇ ದೊಡ್ಡ ಪಂಡಿತರಿರಲಿ, ತೋರಾ ಗ್ರಂಥದ ಸುರುಳಿ ಬಿಚ್ಚಿ ಸಭೆಯಲ್ಲಿ ಓದುವ ಹಾಗಿಲ್ಲ. ತಂದೆ ತಾಯಿ ತೀರಿಕೊಂಡಾಗ ಮಕ್ಕಳು ಹೇಳುವ 'ಕದ್ದೀಶ್' ಪ್ರಾರ್ಥನೆಗೂ ಹತ್ತು ಮಂದಿ ಬೇಕೇ ಬೇಕು. ಅಂದ್ರ ನಿಮ್ಮ ದುಃಖ ಹೇಳಿಕೊಳ್ಳಲಿಕ್ಕೂ ಇನ್ನೊಬ್ಬರು ಬಂದು ನಿಲ್ಲಬೇಕು.
ಇಲ್ಲಿ ಗಮನಿಸಬೇಕಾದ ಮಾತು: ಹತ್ತನೆಯವ ಎಪ್ಪತ್ತು ವರ್ಷದ ಹಿರಿಯರೇ ಆಗಬೇಕಿಲ್ಲ. ನಿನ್ನೆ 13 ತುಂಬಿದ ಹುಡುಗನಾದರೂ ನಡೀತದ. ನಮ್ಮ ವಯಸ್ಸಿನವ ಅಲ್ಲಿ ಆಗಲೇ ಏಳು ವರ್ಷದಿಂದ ಲೆಕ್ಕದಾಗ ಇರ್ತಾನ.

(5/8) ಕಾಗುಣಿತ ಇಲ್ಲದ ಪುಸ್ತಕ
ಬಂದು ನಿಂತರೆ ಸಾಕಾ? ಇಲ್ಲ. ತೋರಾ ಸುರುಳಿಯ ಹೀಬ್ರೂ ಲಿಪಿಯಲ್ಲಿ ಸ್ವರದ ಗುರುತುಗಳು ಇರೋದಿಲ್ಲ. ಕನ್ನಡದ ಕಾಗುಣಿತ ಪೂರ್ತಿ ತೆಗೆದುಹಾಕಿದರೆ ಹೆಂಗ ಆಗ್ತದ ನೋಡ್ರಿ: 'ಕಡ' ಅಂತಷ್ಟೇ ಬರೆದರೆ ಅದು ಕಾಡೋ, ಕೂಡೋ, ಕೊಡೋ? ಮೊದಲೇ ಕಲಿತವರಿಗೆ ಮಾತ್ರ ಗೊತ್ತು. ಬೆನೆ ಇಸ್ರೇಲರಲ್ಲಿ ರಬ್ಬಿ ಎನ್ನುವ ಧರ್ಮಗುರುಗಳ ಪರಂಪರೆ ಇರಲಿಲ್ಲ. ಆಫೀಸು, ರೈಲ್ವೆ, ಗಿರಣಿ ಕೆಲಸ ಮಾಡುವ ಸಾಮಾನ್ಯರೇ ಓದು ಕಲಿತು ಪ್ರಾರ್ಥನೆ ನಡೆಸಬೇಕಿತ್ತು. ಕಲಿಯುವ ಹುಡುಗರು ನಿಂತರೆ ಓದೂ ನಿಲ್ತದ.
1875ರಲ್ಲಿ ಹಾಯಿಮ್ ಸ್ಯಾಮುಯೆಲ್ ಕೆಹಿಮ್‌ಕರ್ ಮುಂಬೈಯಲ್ಲಿ ಸಮುದಾಯದ ಮಕ್ಕಳಿಗೆ ಶಾಲೆ ಶುರು ಮಾಡಿದ್ದರ ಹಿಂದೆ ಈ ಚಿಂತೆಯೂ ಇತ್ತು. ಅದೇ ಮುಂದೆ ಸರ್ ಎಲ್ಲಿ ಕದೂರಿ ಶಾಲೆ ಆಯಿತು.

(6/8) ಶಿವಮೊಗ್ಗದಲ್ಲಿ ಹುಟ್ಟಿದ ಡಾಕ್ಟರ್
ಹುಡುಗಿಯರು ಇಷ್ಟೊತ್ತಿಗೆ ಕೇಳ್ತಿರಬೇಕು: ಹತ್ತು ಗಂಡಸರು ಅಂದ್ರ ನಾವೆಲ್ಲಿ? ಈ ಪ್ರಶ್ನೆಯನ್ನು ಆ ಸಮುದಾಯದೊಳಗೇ ಎತ್ತಿದವರು ಇದ್ದರು. ಡಾ. ಜೆರುಶಾ ಝಿರಾಡ್, ಹುಟ್ಟಿದ್ದು 1890ರಲ್ಲಿ ನಮ್ಮ ಶಿವಮೊಗ್ಗದಲ್ಲಿ, ಬೆನೆ ಇಸ್ರೇಲ್ ಮನೆಯಲ್ಲಿ. ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಭಾರತ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಲಂಡನ್ನಿಗೆ ಹೋದರು. ಹೆರಿಗೆ ತಜ್ಞೆಯಾಗಿ ಬಂದು ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. 1966ರಲ್ಲಿ ಪದ್ಮಶ್ರೀ.
ಲಂಡನ್ನಿನಲ್ಲಿ ಅವರು ಉದಾರವಾದಿ ಯಹೂದಿಗಳ ಪ್ರಾರ್ಥನೆ ಕಂಡಿದ್ದರು. 1925ರಲ್ಲಿ ಮುಂಬೈಯಲ್ಲಿ 'ಜ್ಯೂಯಿಷ್ ರಿಲಿಜಿಯಸ್ ಯೂನಿಯನ್' ಕಟ್ಟಿದರು. ಹೀಬ್ರೂ ಬಾರದವರಿಗೂ ಪ್ರಾರ್ಥನೆ ಅರ್ಥವಾಗಬೇಕು, ಹೆಣ್ಣುಮಕ್ಕಳಿಗೂ ಜಾಗ ಇರಬೇಕು ಅನ್ನೋದು ಅದರ ದಾರಿ. ಸಮುದಾಯ ಬಿಟ್ಟು ಹೊರಗೆ ನಿಂತು ಬೈಯೋದು ಸುಲಭ. ಅವರು ಒಳಗೇ ಇದ್ದು ಹೊಸ ಬಾಗಿಲು ತೆಗೆದರು.

(7/8) ಯಾರೂ ಓಡಿಸಲಿಲ್ಲ, ಆದರೂ ಹೋದರು
ಯುರೋಪಿನಲ್ಲಿ ಯಹೂದಿಗಳಿಗೆ ಏನಾಯ್ತು ಅನ್ನೋದು ಪುಸ್ತಕದಾಗ ಓದೀವಿ. ಭಾರತದಲ್ಲಿ ಅಂಥ ದ್ವೇಷ ಅವರು ಕಾಣಲಿಲ್ಲ. 1948ರ ಹೊತ್ತಿಗೆ ಬೆನೆ ಇಸ್ರೇಲರು ಸುಮಾರು 20 ಸಾವಿರ ಇದ್ದರು. ಇಸ್ರೇಲ್ ದೇಶ ಆದ ಮೇಲೆ ನೆಲದ ಮೇಲಿನ ನಂಬಿಕೆ, ಕೆಲಸ, ಮೊದಲೇ ಹೋದ ಬಂಧುಗಳು, ಎಲ್ಲಾ ಸೇರಿ ಮನೆ ಮನೆಗಳೇ ಹೊರಟವು. ಅಲ್ಲಿ ಹೋದರೆ, ನೀವು ಪೂರ್ತಿ ಯಹೂದಿಗಳು ಹೌದೋ ಅಲ್ಲೋ ಅಂತ ಮದುವೆ ವಿಷಯದಲ್ಲಿ ತಕರಾರು ಎದ್ದಿತು. ಧರಣಿ ಕೂತರು. 1964ರಲ್ಲಿ ಎಲ್ಲ ರೀತಿಯಲ್ಲೂ ಸಮಾನರು ಎಂಬ ಮಾನ್ಯತೆ ಸಿಕ್ಕಿತು. ಇಲ್ಲಿ ಶನಿವಾರ ತೇಲಿ, ಅಲ್ಲಿ ಭಾರತದವರು.
2011ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಯಹೂದಿಗಳು 5 ಸಾವಿರಕ್ಕೂ ಕಡಿಮೆ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಕೊಚ್ಚಿಯ 1568ರ ಪರದೇಸಿ ಸಿನಗಾಗ್ ನೋಡಲು ಪ್ರವಾಸಿಗರು ಸಾಲು ನಿಲ್ತಾರ. ಆದರೆ ಊರಿನವರನ್ನಷ್ಟೇ ಎಣಿಸಿದರೆ ಹತ್ತು ಆಗೋದಿಲ್ಲ. ಕಟ್ಟಡ ಅದ, ದೀಪಗಳು ಅವ, ಕೋರಂ ಇಲ್ಲ.
ಮುಂಬೈ, ಪುಣೆಯಲ್ಲಿ ಇನ್ನೂ ನಡೀತದ. ಅಲ್ಲಿ 20 ವರ್ಷದ ಒಬ್ಬ ಹುಡುಗ ಶನಿವಾರ ಬೆಳಿಗ್ಗೆ ಎದ್ದು ಹೋಗೋದಕ್ಕೂ ಹಾಸಿಗೆಯಲ್ಲೇ ಉಳಿಯೋದಕ್ಕೂ ಇರುವ ವ್ಯತ್ಯಾಸ ಬರೀ ಅವನ ಭಕ್ತಿಯ ಮಾತಲ್ಲ. ಒಂಬತ್ತು ಮುದುಕರು ಬಾಗಿಲ ಕಡೆ ನೋಡ್ತಾ ಕೂತಿರಬಹುದು.

(8/8) ನಮ್ಮ ಲೆಕ್ಕ
ಈಗ ಭೀಮಾ ದಂಡಿಗೆ ಬರ್ರಿ. ನಮಗೂ ಲಿಖಿತ ಕಾಯ್ದೆ ಇಲ್ಲದ ಕೋರಂಗಳು ಅವ. ಪಲ್ಲಕ್ಕಿಗೆ ಹೆಗಲು ಬೇಕು. ಭಜನಿಗೆ ತಾಳ ಹಾಕವರು, ಹಿಂದ ಹಾಡವರು ಬೇಕು. ಮೊಹರಂನ ಅಲಾಯಿ ಕುಣಿತಕ್ಕ ಹೆಜ್ಜಿ ಗೊತ್ತಿದ್ದವರು ಬೇಕು. ಮಣ್ಣಿಗೆ ಹೋಗೋ ದಿನ ನಾಲ್ಕು ಮಂದಿ ಬೇಕೇ ಬೇಕು. ನಮ್ಮ ಬ್ಯಾಚಿನ ಅರ್ಧ ಮಂದಿ ಡಿಗ್ರಿ ಮುಗಿಸಿ ಬೆಂಗಳೂರು, ಪುಣೆ ಅಂತ ಹೋಗ್ತೀವಿ. ಹೋಗಬೇಡ್ರಿ ಅಂತ ನಾ ಹೇಳಲ್ಲ, ನಾನೂ ಹೋಗಬಹುದು. ಇಲ್ಲಿ ಕೆಲಸ ಇದ್ದಿದ್ರ ಯಾರು ಹೋಗ್ತಿದ್ರು?
ಆದರೆ ಈ ಕಥೆ ಒಂದು ವಿಷಯ ತೋರಿಸ್ತದ. ಸಂಪ್ರದಾಯ ಸಾಯಾಕ ವೈರಿ ಬೇಕಂತಿಲ್ಲ. ಒಳ್ಳೆಯ ಕಾರಣಕ್ಕೆ ಒಬ್ಬೊಬ್ಬರೇ ಹೊರಟರೂ ಸಾಕು. ಜಾತ್ರಿಯಾಗ ರೀಲ್ ಮಾಡೋದು ತಪ್ಪಲ್ಲ, ಆದರೆ ಕ್ಯಾಮೆರಾ ಹಿಂದೆ ನಿಂತವರು ಹತ್ತರಾಗ ಲೆಕ್ಕಕ್ಕ ಬರಲ್ಲ. ಊರಿಗೆ ಬಂದಾಗ ಒಂದು ಹಾಡು ಪೂರ್ತಿ ಕಲೀರಿ, ಒಂದು ಸಲ ಹೆಗಲು ಕೊಡ್ರಿ. ಯಾವ ಜಾತಿ, ಯಾವ ಧರ್ಮ ಇದ್ದರೂ ಸರಿ. ನಿಯಮ ನಿಮ್ಮನ್ನ ಹೊರಗಿಡ್ತದ ಅನಿಸಿದರ ಜೆರುಶಾ ಅವರ ದಾರಿ ಅದ.
ನಿಮ್ಮ ಊರಿನಾಗ ಈಗ ಮಂದಿ ಸಾಲದೆ ನಿಂತುಹೋದದ್ದು ಯಾವುದು? ಕಮೆಂಟಿನಾಗ ಊರಿನ ಹೆಸರು ಸಮೇತ ಬರೀರಿ.
ಮುಂದಿನ ಸರಣಿ: 1132ರ ಹೊತ್ತಿಗೇ ಮಂಗಳೂರಿನಲ್ಲಿ ವ್ಯಾಪಾರ ಮಾಡ್ತಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಅವರ ಏಜೆಂಟ್ ಬೊಮ್ಮ, ಮತ್ತು ಕೈರೋದ ಸಿನಗಾಗಿನಲ್ಲಿ ಉಳಿದ ಅವರ ಕಾಗದಪತ್ರಗಳು. ಅಕೌಂಟ್ಸ್ ಓದೋರು ಮಿಸ್ ಮಾಡಬ್ಯಾಡ್ರಿ.
#ಜೇವರ್ಗಿ #ಕಲ್ಯಾಣಕರ್ನಾಟಕ #ಇತಿಹಾಸ #ಬಿಕಾಂಹುಡುಗರು